ನಿಯಮ ಎಲ್ಲರಿಗೂ ಒಂದೇ, ನೀರು ಮಾತ್ರ ಯಾಕೆ ಒಂದೇ ಹೊತ್ತಿಗೆ ಬರೋದಿಲ್ಲ?

ಪ್ರಶ್ನೆ: ಮೇಡಂ, ನಾನು ಯಾದಗಿರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ಸೇರಿ ಎರಡು ವರ್ಷ ಆಯಿತು. ಈಚೆಗೆ ಒಂದು ತರಬೇತಿಯಲ್ಲಿ ಅಮೆರಿಕದ ‘ಸ್ಟ್ರಕ್ಚರಲ್ ರೇಸಿಸಂ’ ಬಗ್ಗೆ ಹೇಳಿದರು. ಯಾರೂ ಬೇಕಂತ ಭೇದ ಮಾಡದಿದ್ದರೂ ವ್ಯವಸ್ಥೆಯೇ ಭೇದ ಮಾಡುತ್ತದೆ ಅಂದರು. ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಜಾತಿ ನೋಡಿ ನಾನು ಯಾರ ಅರ್ಜಿಯನ್ನೂ ತಡೆದಿಲ್ಲ. ನಿಯಮ ಎಲ್ಲರಿಗೂ ಒಂದೇ. ಆದರೂ ನಮ್ಮಲ್ಲಿ ಎಸ್‌ಸಿ ಓಣಿ ಮತ್ತು ಲಂಬಾಣಿ ತಾಂಡಾದ ಕೆಲಸಗಳೇ ಪ್ರತಿ ವರ್ಷ ಕೊನೆಗೆ ಉಳಿಯುತ್ತವೆ. ಹಾಗಾದರೆ ತಪ್ಪು ನನ್ನದಾ? ಕಪ್ಪು ಜನ, ಬಿಳಿ ಜನರ ಆ ಮಾತು ನಮಗೆ ಹೊಂದುತ್ತದಾ? ನನ್ನ ಮಟ್ಟದಲ್ಲಿ ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರ ಓದಿ ಸಮಾಧಾನವಾಯಿತು ತಂಗಿ. ‘ನಾನು ಭೇದ ಮಾಡಿಲ್ಲ, ಆದರೂ ಭೇದ ಆಗುತ್ತಿದೆ’ ಎಂದು ಒಪ್ಪಿಕೊಳ್ಳುವವರು ಕಚೇರಿಗಳಲ್ಲಿ ಕಡಿಮೆ. ಇಪ್ಪತ್ತು ವರ್ಷದಿಂದ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಸಾಮಾಜಿಕ ಪರಿಶೋಧನೆಗೆ, ಅಂದರೆ ಯೋಜನೆಯ ಲೆಕ್ಕವನ್ನು ಜನರ ಮುಂದೆಯೇ ತಾಳೆ ನೋಡುವ ಕೆಲಸಕ್ಕೆ, ಓಡಾಡಿದ್ದೇನೆ. ಆ ಓಡಾಟದಲ್ಲಿ ಕಂಡಿದ್ದನ್ನೇ ಹೇಳುತ್ತೇನೆ. ಆ ಮಾತು ನಮಗೆ ಹೊಂದುತ್ತದೆ. ಅಲ್ಲಿ ಬಣ್ಣ, ಇಲ್ಲಿ ಜಾತಿ. ತಪ್ಪು ನಿಮ್ಮೊಬ್ಬರದು ಖಂಡಿತ ಅಲ್ಲ. ಆದರೆ ಸರಿಮಾಡುವ ಕೆಲಸದಲ್ಲಿ ನಿಮ್ಮ ಪಾಲು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ.

ಮೊದಲು ಒಂದು ಊರಿನ ನಳದ ವಿಷಯ ಹೇಳುತ್ತೇನೆ.

ಚಿತ್ತಾಪುರ ಕಡೆಯ ಊರು ಅದು. ನರೇಗಾ ಲೆಕ್ಕ ನೋಡಲು ಹೋಗಿದ್ದೆ. ಹಳ್ಳದಾಚೆ, ಕಲ್ಲು ಮರಡಿಯ ಮೇಲಿರುವ ಎಸ್‌ಸಿ ಓಣಿಯಲ್ಲಿ ಒಬ್ಬ ತಾಯಿಯ ಮನೆಯಲ್ಲಿ ರಾತ್ರಿ ಉಳಿದೆ. ನಸುಕಿನ ನಾಲ್ಕಕ್ಕೆ ಕೊಡಗಳ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದರೆ ಕತ್ತಲಲ್ಲಿ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ನಳದಲ್ಲಿ ಬೆರಳು ಗಾತ್ರದ ನೀರು. ಆ ತಾಯಿಯ ಮಗಳು ಎಂಟನೇ ಕ್ಲಾಸು. ಒಂದು ಕೈಯಲ್ಲಿ ಕೊಡ ಹಿಡಿದು, ಗೋಡೆಗೆ ತಲೆ ಒರಗಿಸಿ ನಿಂತಲ್ಲೇ ನಿದ್ದೆ ಹೋಗಿದ್ದಳು. ನಾಲ್ಕೂವರೆಗೆ ನೀರು ನಿಂತಿತು. ಊರೊಳಗೆ ನೀರು ಬಿಡುವುದು ಆರರಿಂದ ಎಂಟು. ಅಲ್ಲಿ ಚಹಾ ಕುಡಿದು ನೀರು ಹಿಡಿಯುತ್ತಾರೆ.

ಬೆಳಗ್ಗೆ ವಾಟರ್‌ಮನ್‌ನನ್ನು ಕೇಳಿದೆ. ಅವನೂ ಅದೇ ಓಣಿಯವನು. ಅವನ ಹೆಂಡತಿಯೂ ನಾಲ್ಕಕ್ಕೆ ಆ ಸಾಲಿನಲ್ಲೇ ನಿಲ್ಲುತ್ತಾಳೆ. ‘ಮೊದಲಿಂದ ಹಿಂಗೇ ಅದರಿ ಅಕ್ಕೋರೆ’ ಅಂದ. ಎರಡೂ ವಾಲ್ವ್ ಒಟ್ಟಿಗೆ ತೆರೆದರೆ ಮರಡಿಗೆ ನೀರು ಏರೋದಿಲ್ಲ, ಅದಕ್ಕೇ ಬೇರೆ ಹೊತ್ತು ಅಂತ ವಿವರಿಸಿದ. ಎಂಜಿನಿಯರನ್ನು ಕೇಳಿದೆ. ಅವರ ಮಾತಲ್ಲೂ ಸುಳ್ಳಿರಲಿಲ್ಲ. ಟ್ಯಾಂಕಿ ಕಟ್ಟಿದ್ದು ಊರ ಅಗಸಿ (ಹೆಬ್ಬಾಗಿಲು) ಹತ್ತಿರ, ಜಾಗ ಅಲ್ಲೇ ಸಿಕ್ಕಿತ್ತು. ಮೊದಲ ಅಂದಾಜುಪಟ್ಟಿಯಲ್ಲಿ ಊರು ಮಾತ್ರ ಇತ್ತು. ಓಣಿಗೆ ಲೈನ್ ಎಳೆದಿದ್ದು ಆಮೇಲೆ, ಉಳಿದ ದುಡ್ಡಿನಲ್ಲಿ. ಹಾಗಾಗಿ ಸಣ್ಣ ಪೈಪು. ಇನ್ನು ಕಚೇರಿಯ ಕಡತದಲ್ಲಿ ಆ ಓಣಿಯ ಮುಂದೆ ಏನು ಬರೆದಿತ್ತು ಗೊತ್ತಾ? ‘ನಳ ಸಂಪರ್ಕ: ಹೌದು.’

ಇಲ್ಲಿ ಕೆಟ್ಟವರನ್ನು ಹುಡುಕಿದರೆ ಯಾರೂ ಸಿಗೋದಿಲ್ಲ. ವಾಟರ್‌ಮನ್ ಸರಿ, ಎಂಜಿನಿಯರ್ ಸರಿ, ಕಡತವೂ ಸರಿ. ಆದರೆ ಒಂದು ಹುಡುಗಿ ಶಾಲೆಯಲ್ಲಿ ತೂಕಡಿಸುತ್ತಾಳೆ. ಅವಳ ಅಜ್ಜ ಮುತ್ತಜ್ಜಂದಿರಿಗೆ ಊರೊಳಗೆ ಮನೆ ಕಟ್ಟಲು ಬಿಡಲಿಲ್ಲ. ಅದಕ್ಕೇ ಓಣಿ ಹಳ್ಳದಾಚೆ ಇದೆ. ಓಣಿ ಆಚೆ ಇದ್ದದ್ದಕ್ಕೇ ಪೈಪು ಕೊನೆಗೆ ಬಂತು. ಕೊನೆಗೆ ಬಂದದ್ದಕ್ಕೇ ನೀರಿನ ಹೊತ್ತು ನಸುಕಿಗೆ ಹೋಯಿತು. ಮುಟ್ಟಬೇಡ ಅಂತ ಇವತ್ತು ಯಾರೂ ಹೇಳಬೇಕಾಗಿಲ್ಲ. ಹಿಂದಿನವರು ಹೇಳಿದ್ದು ಜಾಗದಲ್ಲಿ, ಪೈಪಿನಲ್ಲಿ, ವೇಳಾಪಟ್ಟಿಯಲ್ಲಿ ಉಳಿದುಕೊಂಡಿದೆ. ನಿಮ್ಮ ತರಬೇತಿಯಲ್ಲಿ ಹೇಳಿದ್ದು ಇದನ್ನೇ.

ನಮ್ಮ ಭಾಗದವರಿಗೆ ಇದು ಅರ್ಥವಾಗದ ವಿಷಯ ಏನಲ್ಲ. ನಾವು ಇಷ್ಟು ವರ್ಷ ಬೆಂಗಳೂರಿಗೆ ಹೇಳುತ್ತ ಬಂದಿದ್ದೇ ಇದನ್ನು, ಅಲ್ವಾ? 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮನ ಆಳ್ವಿಕೆಯಲ್ಲಿದ್ದೆವು. 1956ರಲ್ಲಿ ಮೈಸೂರು ರಾಜ್ಯ ಸೇರಿದಾಗಲೇ ಶಾಲೆ, ರಸ್ತೆ, ನೀರಾವರಿ ಎಲ್ಲದರಲ್ಲೂ ಹಿಂದೆ ಇದ್ದೆವು. ಆಮೇಲೆ ಎಲ್ಲ ಜಿಲ್ಲೆಗೂ ನಿಯಮ ಒಂದೇ ಆಯಿತು, ಅಂತರ ಹಾಗೇ ಉಳಿಯಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ ಆಗಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ 75.36%, ನಿಮ್ಮ ಯಾದಗಿರಿಯದು 51.83%. ಬೆಂಗಳೂರಿನ ಯಾವುದೋ ಅಧಿಕಾರಿ ಯಾದಗಿರಿಯ ಮಕ್ಕಳನ್ನು ದ್ವೇಷಿಸಿದ್ದರಿಂದ ಹೀಗಾಯಿತೇ? ಇಲ್ಲ. ಹಿಂದಿದ್ದವರಿಗೂ ಮುಂದಿದ್ದವರಿಗೂ ಒಂದೇ ಅಳತೆಯಲ್ಲಿ ಕೊಟ್ಟದ್ದರಿಂದ ಆಯಿತು. ಕೇಳುವ ದನಿ ಇದ್ದವರಿಗೆ ಮೊದಲು ಕೊಟ್ಟದ್ದರಿಂದ ಆಯಿತು. ಇದನ್ನು ಒಪ್ಪಿಯೇ ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು, ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಸೇರಿಸಿದರು.

371(ಜೆ) ಬೇಕು ಅಂತ ನಾನೂ ರಸ್ತೆಯಲ್ಲಿ ನಿಂತವಳೇ. ಆದರೆ ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ಬೆಂಗಳೂರಿಗೂ ಕಲಬುರಗಿಗೂ ಇರುವ ಅಂತರವನ್ನು ನಾವು ಅಂಕಿ ಸಮೇತ ಹೇಳುತ್ತೇವೆ. ನಮ್ಮೂರಿನ ಅಗಸಿಗೂ ಹಳ್ಳದಾಚೆಯ ಓಣಿಗೂ ಇರುವ ಅಂತರ ಅಳೆಯುವುದಿಲ್ಲ. ತಾಲ್ಲೂಕಿನ ಸರಾಸರಿ ಆ ಓಣಿಯನ್ನು ಮುಚ್ಚಿಬಿಡುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಅವರ ಓಣಿಗಳನ್ನು ಬಿಟ್ಟು ‘ನಮ್ಮ ಭಾಗ ಉದ್ಧಾರವಾಯಿತು’ ಅನ್ನೋದು ಹೇಗೆ?

ಈಗ ಅಮೆರಿಕದ ವಿಷಯಕ್ಕೆ ಬರುತ್ತೇನೆ. ಯೋಜನೆ ಜಾರಿಯಾಗುವಾಗ ಭೇದ ಹೇಗೆ ಒಳಗೆ ನುಗ್ಗುತ್ತದೆ ಅನ್ನೋದಕ್ಕೆ ಅಲ್ಲಿನ ಒಂದು ಉದಾಹರಣೆ ಸಾಕು. ಎರಡನೇ ಮಹಾಯುದ್ಧದಿಂದ ಮರಳುವ ಸೈನಿಕರಿಗಾಗಿ 1944ರಲ್ಲಿ ಒಂದು ಕಾನೂನು ತಂದರು. ಓದಿಗೆ ದುಡ್ಡು, ಮನೆ, ಹೊಲ, ವ್ಯಾಪಾರಕ್ಕೆ ಸರ್ಕಾರದ ಖಾತರಿ ಇರುವ ಸಾಲ. ಸಾಲ ಬಿಳಿಯರಿಗೆ ಮಾತ್ರ ಅಂತ ಕಾನೂನಿನಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೆ ಸಾಲ ಕೊಡಬೇಕಾದ್ದು ಊರಿನ ಬ್ಯಾಂಕು, ನಡೆಸಬೇಕಾದ್ದು ಊರಿನ ಕಚೇರಿ. ಮಿಸಿಸಿಪ್ಪಿ ರಾಜ್ಯದಲ್ಲಿ ಆಗ ಜನಸಂಖ್ಯೆಯ ಅರ್ಧದಷ್ಟು ಕಪ್ಪು ಜನ. 1947ರಲ್ಲಿ ಅಲ್ಲಿ ಈ ಖಾತರಿಯಡಿ ಕೊಟ್ಟ 3,229 ಸಾಲಗಳ ಲೆಕ್ಕ ತೆಗೆದರು. ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಎರಡು ಸಾವಿರ ಅಲ್ಲ, ಎರಡೇ ಎರಡು. ಆ ಸಾಲದಿಂದ ಬಿಳಿಯರ ಮನೆಗಳಲ್ಲಿ ಆಸ್ತಿಯಾಯಿತು, ಆಸ್ತಿಯಿಂದ ಮಕ್ಕಳ ಓದಾಯಿತು. ಮುಂದಿನ ತಲೆಮಾರಿನಲ್ಲಿ ‘ಇವರು ಯಾಕೆ ಹಿಂದೆ ಉಳಿದರು’ ಅಂತ ಕೇಳುವವರಿಗೆ ಆ ಎರಡು ಸಾಲದ ಲೆಕ್ಕ ನೆನಪಿರುವುದಿಲ್ಲ.

ಲಂಡನ್ನಿನಲ್ಲಿ 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆಯಾಯಿತು. ಪೊಲೀಸರು ತನಿಖೆ ಕೆಡಿಸಿದರು. 1999ರಲ್ಲಿ ವರದಿ ಕೊಟ್ಟ ಮ್ಯಾಕ್‌ಫರ್ಸನ್ ಆಯೋಗ ಇದನ್ನು ‘ಸಂಸ್ಥೆಯೊಳಗಿನ ವರ್ಣಭೇದ’ ಎಂದು ಕರೆಯಿತು. ಬೇಕಂತಲೇ ಮಾಡದಿದ್ದರೂ, ಗೊತ್ತಿಲ್ಲದೆ, ಯೋಚಿಸದೆ, ರೂಢಿಯಂತೆ ನಡೆದರೂ ಅದು ಭೇದವೇ ಎಂದು ಆ ವರದಿ ಸ್ಪಷ್ಟವಾಗಿ ಹೇಳಿತು. ನಿಮ್ಮ ಪ್ರಶ್ನೆಗೆ ಅದರಲ್ಲೇ ಅರ್ಧ ಉತ್ತರ ಇದೆ.

ಜಾತಿ ಮತ್ತು ಜನಾಂಗ ಒಂದೇನಾ ಅನ್ನುವ ವಾದ ಬೇರೆಯೇ ಇದೆ. 2001ರಲ್ಲಿ ಡರ್ಬನ್ನಿನ ವಿಶ್ವಸಂಸ್ಥೆ ಸಮ್ಮೇಳನದಲ್ಲಿ ದಲಿತ ಸಂಘಟನೆಗಳು ಜಾತಿಯನ್ನೂ ಚರ್ಚಿಸಿ ಎಂದವು. ಜಾತಿ ಜನಾಂಗವಲ್ಲ ಎಂದು ಭಾರತ ಸರ್ಕಾರ ಒಪ್ಪಲಿಲ್ಲ. ವಿದ್ವಾಂಸರು ಇದನ್ನು ಇನ್ನೂ ಚರ್ಚಿಸುತ್ತಾರೆ, ಚರ್ಚಿಸಲಿ. ಬಾಬಾಸಾಹೇಬರು 1946ರಲ್ಲೇ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಎರಡೂ ಕಡೆಯ ನೋವು ಎಷ್ಟು ಹತ್ತಿರದ್ದು ಅಂತ ಅವರಿಗೆ ಗೊತ್ತಿತ್ತು. ಪಂಚಾಯಿತಿಯ ಕುರ್ಚಿಯಲ್ಲಿ ಕೂತ ನಿಮಗೆ ಬೇಕಾದ್ದು ಹೆಸರಲ್ಲ, ಅದು ಕೆಲಸ ಮಾಡುವ ಬಗೆ.

ಆ ಬಗೆಯನ್ನು ನಮ್ಮದೇ ಕಾಗದಗಳಲ್ಲಿ ನೋಡೋಣ.

ತಾಂಡಾದಿಂದ ಶುರು ಮಾಡುತ್ತೇನೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ, ಸಾಲ ಕೊಟ್ಟರೆ ಅಪಾಯ ಅನ್ನುವ ಬಡಾವಣೆಗೆ ಕೆಂಪು ಬಣ್ಣ ಬಳಿಯಿತು. ಕಪ್ಪು ಜನರಿದ್ದ ಬಡಾವಣೆಗಳಿಗೆ ಸಿಕ್ಕಿದ್ದು ಆ ಕೆಂಪೇ. ನಮ್ಮ ತಾಂಡಾಗಳಿಗೆ ಕೆಂಪು ಬಣ್ಣವೂ ಸಿಗಲಿಲ್ಲ, ನಕ್ಷೆಯಲ್ಲಿ ಅವು ಇರಲೇ ಇಲ್ಲ. ಕಂದಾಯ ಗ್ರಾಮ ಅಂತ ದಾಖಲಾಗದ ಜನವಸತಿ ಕಡತದ ಪ್ರಕಾರ ಊರೇ ಅಲ್ಲ. ಮನೆ ಇದೆ, ಮಕ್ಕಳಿದ್ದಾರೆ, ಮತ ಇದೆ. ಹಕ್ಕುಪತ್ರ ಇಲ್ಲ. ಹಕ್ಕುಪತ್ರ ಇಲ್ಲದ ಜಾಗಕ್ಕೆ ಮನೆ ಮಂಜೂರಾಗೋದು ಕಷ್ಟ, ಬ್ಯಾಂಕ್ ಸಾಲ ಕಷ್ಟ, ರಸ್ತೆಗೆ ಹಣ ಇಡೋದೂ ಕಷ್ಟ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಐವತ್ತು ಸಾವಿರಕ್ಕೂ ಜಾಸ್ತಿ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ದೊಡ್ಡ ಕೆಲಸ, ನನಗೆ ನಿಜವಾಗಿ ಸಂತೋಷವಾಯಿತು. ಆದರೆ ಸ್ವಾತಂತ್ರ್ಯ ಬಂದು 75 ವರ್ಷ ಆದ ಮೇಲೆ ‘ನಿಮ್ಮ ಊರು ಇದೆ’ ಅಂತ ಕಾಗದ ಸಿಕ್ಕರೆ, ಆ 75 ವರ್ಷದ ಶಾಲೆ, ರಸ್ತೆ ಎಲ್ಲಿಂದ ತರೋಣ? ಅದರ ಬಾಕಿಯೇ ಇವತ್ತು ನಿಮ್ಮ ಕ್ರಿಯಾ ಯೋಜನೆಯ ಕೊನೇ ಪುಟದಲ್ಲಿ ಕೂತಿದೆ.

ಇನ್ನು ಸಮೀಕ್ಷೆ. ತಾಂಡಾದವರು, ಓಣಿಯ ಕೂಲಿಯವರು ಸುಗ್ಗಿ ಮುಗಿದ ಮೇಲೆ ದುಡಿಯಲಿಕ್ಕೆ ಮುಂಬೈ, ಪುಣೆ, ಹೈದರಾಬಾದಿಗೆ ಹೋಗುತ್ತಾರೆ. ಗಣತಿ ಮಾಡುವವರು ಬಂದಾಗ ಮನೆಗೆ ಬೀಗ. ಪುಸ್ತಕದಲ್ಲಿ ‘ಬೀಗ’ ಅಂತ ಬರೆದು ಮುಂದೆ ಹೋಗುತ್ತಾರೆ. ಆ ಒಂದು ಶಬ್ದ ಎಷ್ಟು ದೂರ ಹೋಗುತ್ತದೆ ನೋಡಿ. 2011ರ ಸಾಮಾಜಿಕ ಆರ್ಥಿಕ ಮತ್ತು ಜಾತಿ ಗಣತಿಯ ಪಟ್ಟಿಯನ್ನೇ ಹಿಡಿದು ಆಮೇಲೆ ಕೇಂದ್ರದ ಗ್ರಾಮೀಣ ವಸತಿ ಯೋಜನೆಗೆ ಫಲಾನುಭವಿಗಳನ್ನು ಆರಿಸಿದರು. 2018ರಲ್ಲಿ ಶುರುವಾದ ಆಯುಷ್ಮಾನ್ ಯೋಜನೆಗೂ ಅದೇ ಪಟ್ಟಿ. ಒಂದು ದಿನ ಮನೆಗೆ ಬೀಗ ಇತ್ತು ಅಂತ ಮುಂದಿನ ಹತ್ತು ವರ್ಷದ ಯೋಜನೆಗಳಿಗೂ ಬೀಗ ಬಿದ್ದ ಹಾಗೆ. ದೇವದಾಸಿ ತಾಯಂದಿರ ಪಾಡೂ ಇದೇ ಆಗಿದೆ. 1993-94 ಮತ್ತು 2007-08ರ ಸಮೀಕ್ಷೆಯಲ್ಲಿ ಹೆಸರು ಬಂದವರಿಗೆ ಮಾಸಾಶನ. ಭಯಕ್ಕೋ ನಾಚಿಕೆಗೋ ಹೆಸರು ಹೇಳದವರು, ಆವತ್ತು ಊರಲ್ಲಿ ಇಲ್ಲದವರು ವರ್ಷಗಟ್ಟಲೆ ಹೊರಗುಳಿದರು.

ಅದೇ ತಾಯಂದಿರ ಮಕ್ಕಳ ಅರ್ಜಿಯಲ್ಲಿ ‘ತಂದೆಯ ಹೆಸರು’ ಅಂತ ಒಂದು ಸಾಲು. ಒಬ್ಬ ಹುಡುಗಿಯ ಜೊತೆ ಜಾತಿ ಪ್ರಮಾಣಪತ್ರಕ್ಕೆ ನಾನೇ ಹೋಗಿದ್ದೆ. ಅವಳು ಆ ಸಾಲನ್ನು ಖಾಲಿ ಬಿಟ್ಟಿದ್ದಳು. ಕೌಂಟರಿನಲ್ಲಿದ್ದವರು ಬೈಯಲಿಲ್ಲ, ಏನೂ ಅನ್ನಲಿಲ್ಲ. ಅರ್ಜಿಯನ್ನು ತಿರುಗಿಸಿ ಆ ಸಾಲಿನ ಮೇಲೆ ಪೆನ್ನು ಇಟ್ಟರು. ಅಷ್ಟೇ. ಹುಡುಗಿ ಅರ್ಜಿ ಮಡಚಿ ಬ್ಯಾಗಿನಲ್ಲಿ ಹಾಕಿಕೊಂಡು ಹೊರಗೆ ನಡೆದಳು. ಆ ವರ್ಷ ಅವಳಿಗೆ ಸ್ಕಾಲರ್‌ಶಿಪ್ ಸಿಗಲಿಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿತ್ತು. ಆದರೆ ಅರ್ಜಿಯ ನಮೂನೆಗೆ ಆ ಸುದ್ದಿ ಮುಟ್ಟಿರಲಿಲ್ಲ. ತಂದೆಯ ಹೆಸರು ಕಡ್ಡಾಯವಲ್ಲ ಅನ್ನುವ ಮಾತು ಕಾನೂನಿನಲ್ಲಿ ಬರಲು 2025ರ ಹೊಸ ಮಸೂದೆಯವರೆಗೆ ಕಾಯಬೇಕಾಯಿತು. ನಿಮ್ಮ ಕಚೇರಿಯಲ್ಲಿ ಹಳೇ ನಮೂನೆಗಳೇ ಇದ್ದರೆ ದಯವಿಟ್ಟು ಇವತ್ತೇ ತೆಗೆದು ನೋಡಿ.

ಪಹಣಿಯ ವಿಷಯ ಎಲ್ಲದಕ್ಕಿಂತ ಆಳ. ತೊಗರಿ ನಮ್ಮ ಬೆಳೆ. ಮಳೆ ಜಾಸ್ತಿಯಾಗಿ ತೊಗರಿ ಹೋದರೆ ಪರಿಹಾರ ಬರುತ್ತದೆ. ಯಾರ ಖಾತೆಗೆ? ಪಹಣಿಯ 9ನೇ ಕಾಲಂನಲ್ಲಿ ಹೆಸರಿದ್ದವರ ಖಾತೆಗೆ. ನಮ್ಮ ಊರುಗಳಲ್ಲಿ ಎಷ್ಟೋ ಹೊಲ ಪಾಲಿಗೋ ಲಾವಣಿಗೋ (ಗುತ್ತಿಗೆಗೋ) ಕೊಟ್ಟಿರೋದು. ಬೀಜ, ಗೊಬ್ಬರ, ಔಷಧಕ್ಕೆ ಸಾಲ ಮಾಡಿದವನು ಪಾಲಿನವನು. ಬೆಳೆ ಹೋದರೆ ಸಾಲ ಅವನದು, ಪರಿಹಾರ ಒಡೆಯನದು. ಉಳುವವನ ಹೆಸರಿಗೆ 12ನೇ ಕಾಲಂ ಇದೆ, ಆದರೆ ಅಲ್ಲಿ ಅವನ ಹೆಸರು ಬರೆಸಲು ಒಡೆಯ ಒಪ್ಪುವುದಿಲ್ಲ. ಯಾಕೆ ಅಂದರೆ 1974ರ ಮಾರ್ಚ್ 1ರಿಂದ ಗೇಣಿಯೇ ರದ್ದಾಗಿದೆ. ಒಳ್ಳೇ ಕಾನೂನು ಅದು. ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು. ಆದರೆ ಕೊಟ್ಟದ್ದು ಗೇಣಿದಾರ ಅಂತ ತೋರಿಸಿಕೊಳ್ಳಲು ಆದವರಿಗೆ. ಜೀತಕ್ಕೆ ಇದ್ದವನು, ಕೂಲಿಗೆ ಹೋದವನು ಯಾವ ಕಾಗದ ತೋರಿಸಬೇಕಿತ್ತು? ಅವರ ಮೊಮ್ಮಕ್ಕಳು ಇವತ್ತು ಬಾಯಿಮಾತಿನ ಲಾವಣಿಯಲ್ಲಿ ಉಳುತ್ತಿದ್ದಾರೆ. ಕಾನೂನಿನ ಕಣ್ಣಿಗೆ ಆ ಲಾವಣಿ ಇಲ್ಲ. ಇಲ್ಲದ ಲಾವಣಿಯವನಿಗೆ ಪರಿಹಾರ ಕೊಡೋದು ಹೇಗೆ ಅಂತ ಕಚೇರಿ ಕೇಳುತ್ತದೆ. ಪರಿಹಾರದ ಆದೇಶದಲ್ಲಿ ಜಾತಿಯ ಸುಳಿವೇ ಇಲ್ಲ, ಭೂಮಿ ಮಾತ್ರ ಸಾಕು. ನಮ್ಮಲ್ಲಿ ಭೂಮಿ ಯಾರ ಹೆಸರಲ್ಲಿದೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ.

ದುಡ್ಡಿನ ವಿಷಯ ಸ್ವಲ್ಪದರಲ್ಲೇ ಮುಗಿಸುತ್ತೇನೆ. ಕರ್ನಾಟಕದಲ್ಲಿ 2013ರಿಂದ ಎಸ್‌ಸಿ ಉಪಯೋಜನೆ, ಬುಡಕಟ್ಟು ಉಪಯೋಜನೆಗೆ ಕಾನೂನೇ ಇದೆ. ಜನಸಂಖ್ಯೆಯ ಲೆಕ್ಕದಲ್ಲಿ, ಅಂದರೆ 17.15% ಮತ್ತು 6.95% ಸೇರಿ ಅಭಿವೃದ್ಧಿ ಹಣದ 24.1% ಈ ಜನರಿಗಾಗಿ ಇಡಬೇಕು. ದೇಶದಲ್ಲೇ ಮೊದಮೊದಲು ಇಂಥ ಕಾನೂನು ಮಾಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೆ ಅದರಲ್ಲಿ 7(ಡಿ) ಅಂತ ಒಂದು ಕಿಂಡಿ ಇತ್ತು. ಎಲ್ಲರಿಗೂ ಅಂತ ಮಾಡಿದ ಕಾಮಗಾರಿಯ ಒಂದು ಪಾಲನ್ನು ಇದೇ ಹಣದ ಖರ್ಚು ಅಂತ ತೋರಿಸಬಹುದಿತ್ತು. ಹೋರಾಟ ನಡೆದು 2023ರಲ್ಲಿ ಆ ಕಿಂಡಿ ಮುಚ್ಚಿದರು. ಆದರೂ ಗ್ಯಾರಂಟಿ ಯೋಜನೆಗಳಿಗೆ ಇದೇ ಹಣ ಬಳಸಿದರು. ಫಲಾನುಭವಿಗಳಲ್ಲಿ ಎಸ್‌ಸಿ, ಎಸ್‌ಟಿ ಕುಟುಂಬಗಳೂ ಇವೆಯಲ್ಲ ಅನ್ನೋದು ಸರ್ಕಾರದ ಸಮಜಾಯಿಷಿ. ನಾನು ಇದನ್ನು ಒಪ್ಪೋದಿಲ್ಲ. ಎಲ್ಲರಿಗೂ ಸಿಗುವುದು ಅವರಿಗೂ ಸಿಗಬೇಕಾದ್ದು ಹಕ್ಕು. ಅದನ್ನು ಅವರ ಬಾಕಿಯ ಲೆಕ್ಕದಲ್ಲಿ ಕಳೆಯಬಾರದು.

ಲೆಕ್ಕ ಇಡುವುದರಲ್ಲೂ ಎಡವಬಹುದು ಅನ್ನೋದಕ್ಕೆ ಇನ್ನೊಂದು ಹೇಳಬೇಕು. 2021ರಲ್ಲಿ ನರೇಗಾ ಕೂಲಿಯನ್ನು ಎಸ್‌ಸಿ, ಎಸ್‌ಟಿ, ಇತರೆ ಅಂತ ಬೇರೆ ಬೇರೆಯಾಗಿ ಪಾವತಿಸಿ ಎಂದು ಕೇಂದ್ರ ಹೇಳಿತು. ಯಾರಿಗೆ ಎಷ್ಟು ಹೋಯಿತು ಅಂತ ಗೊತ್ತಾಗಲಿ ಅನ್ನೋದು ಉದ್ದೇಶ. ಆಗಿದ್ದು ಏನು? ಒಂದೇ ನಾಲಾದಲ್ಲಿ, ಒಂದೇ ಬಿಸಿಲಲ್ಲಿ ಮಣ್ಣು ಹೊತ್ತವರಿಗೆ ಬೇರೆ ಬೇರೆ ದಿನ ಕೂಲಿ ಬಂತು. ‘ನಿಮ್ಮವರಿಗೆ ಬಂತು, ನಮಗೆ ಯಾಕಿಲ್ಲ’ ಅಂತ ಕೆಲಸದ ಜಾಗದಲ್ಲೇ ಜಾತಿ ಎದ್ದು ನಿಂತಿತು. ಆಮೇಲೆ ಆ ಕ್ರಮ ಕೈಬಿಟ್ಟರು. ಹಾಗಾಗಿ ಓಣಿವಾರು ಲೆಕ್ಕ ಇಡಿ, ಆದರೆ ಪಾವತಿಯನ್ನು ಒಡೆಯಬೇಡಿ.

ನೀವು ಏನು ಮಾಡಬಹುದು ಅಂದಿರಿ. ಕಾನೂನು ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ಯಾವುದು ಮೊದಲು ಅನ್ನೋದು ಬಹಳಷ್ಟು ನಿಮ್ಮ ಕೈಯಲ್ಲೇ ಇದೆ. ಅರ್ಜಿ ತಡೆಯದೇ ಇರೋದು ಸಾಲದು, ಯಾಕಂದರೆ ಓಣಿಯಿಂದ ಅರ್ಜಿಯೇ ಬಂದಿರೋದಿಲ್ಲ.

ನಾನಾಗಿದ್ದರೆ ಮೊದಲು ಮೂರು ವರ್ಷದ ಕ್ರಿಯಾ ಯೋಜನೆ ತೆಗೆದು, ಒಂದು ದೊಡ್ಡ ಹಾಳೆಯಲ್ಲಿ ಓಣಿಗಳ ಹೆಸರು ಬರೆದು, ಪ್ರತಿ ಓಣಿಯ ಮುಂದೆ ಮೂರು ತಾರೀಕು ಬರೆಯುತ್ತಿದ್ದೆ. ಕೆಲಸ ಯಾವಾಗ ಕೇಳಿದರು, ಯಾವಾಗ ಮಂಜೂರಾಯಿತು, ಯಾವಾಗ ಮುಗಿಯಿತು. ಹಣದ ಮೊತ್ತ ಆಮೇಲೆ ನೋಡಿ, ತಾರೀಕು ಮೊದಲು. ನಾನು ಹೋದ ಕಡೆಯಲ್ಲೆಲ್ಲ ಭೇದ ಜಾಸ್ತಿ ಕಂಡಿದ್ದು ತಾರೀಕಿನಲ್ಲೇ. ಇದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ, ಒಂದು ಭಾನುವಾರದ ಕೆಲಸ. ‘ನಳ ಸಂಪರ್ಕ: ಹೌದು’ ಅನ್ನುವಲ್ಲಿ ಎಷ್ಟು ಗಂಟೆಗೆ, ಎಷ್ಟು ಹೊತ್ತು, ಎಷ್ಟು ಕೊಡ ಅಂತ ಕೈಯಲ್ಲಿ ಬರೆದುಕೊಳ್ಳಿ.

ಎರಡನೆಯದು ಸಭೆಯ ಜಾಗ. ಗ್ರಾಮಸಭೆ ಎಲ್ಲಿ ಮಾಡುತ್ತೀರಿ? ಹನುಮಂತ ದೇವರ ಗುಡಿಯ ಕಟ್ಟೆ ಮೇಲೆ ಅಂದರೆ ಅಲ್ಲೇ ಅರ್ಧ ಊರು ಹೊರಗಾಯಿತು. ಒಂದು ಸಭೆಯಲ್ಲಿ ಓಣಿಯ ಹೆಣ್ಣುಮಕ್ಕಳು ಕಟ್ಟೆ ಹತ್ತದೆ, ಕೆಳಗೆ ಬಿಸಿಲಲ್ಲಿ ಸೆರಗು ಹೊದ್ದು ನಿಂತಿದ್ದರು. ಮಾತು ಮೇಲೆ ನಡೆಯುತ್ತಿತ್ತು. ಕೊನೆಗೆ ಹಾಜರಿ ಪುಸ್ತಕ ಕೆಳಗೆ ಬಂತು. ಹೆಬ್ಬೆಟ್ಟು ಒತ್ತಿಸಿಕೊಂಡು ಮೇಲೆ ಹೋಯಿತು. ಸಭೆಯಲ್ಲಿ ಎಸ್‌ಸಿ, ಎಸ್‌ಟಿ ಜನ ಮತ್ತು ಮಹಿಳೆಯರು ಇಷ್ಟು ಪಾಲು ಇರಬೇಕು ಅಂತ ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ಪುಸ್ತಕದಲ್ಲಿ ಆ ಪಾಲು ತುಂಬಿತ್ತು. ನೀವು ಮುಂದಿನ ವಾರ್ಡ್ ಸಭೆಯನ್ನು ಓಣಿಯಲ್ಲೇ ಕರೆಯಿರಿ, ತಾಂಡಾದಲ್ಲೇ ಕರೆಯಿರಿ. ಸಂಜೆ ಕೂಲಿಯಿಂದ ಬಂದ ಮೇಲೆ ಇಡಿ. ದುಡಿಯಲು ಹೋದವರು ಊರಿಗೆ ಮರಳುವ ದೀಪಾವಳಿ, ಯುಗಾದಿ ಹೊತ್ತಿಗೆ ಒಂದು ಸಲ ಕರೆದು, ಆ ‘ಬೀಗ’ದ ಮನೆಗಳ ಹೆಸರು ಬರೆದುಕೊಳ್ಳಿ. ಮುಂದೆ ಯಾವ ಪಟ್ಟಿ ಬಂದರೂ ನಿಮ್ಮ ಬಳಿ ಬಿಟ್ಟುಹೋದವರ ಪಟ್ಟಿ ತಯಾರಿರುತ್ತದೆ.

ಮೂರನೆಯದು, ಕ್ರಿಯಾ ಯೋಜನೆಯನ್ನು ಕೊನೇ ಓಣಿಯಿಂದ ಬರೆಯಲು ಶುರು ಮಾಡಿ. ದುಡ್ಡು ಸಾಲದೇ ಹೋದರೆ ಕೈಬಿಡೋದು ಪಟ್ಟಿಯ ಕೆಳಗಿನ ಕೆಲಸಗಳನ್ನೇ, ಇದು ನಿಮಗೂ ಗೊತ್ತು. ಪಟ್ಟಿ ತಲೆಕೆಳಗಾದರೆ ಉಳಿಯುವ ಕೆಲಸವೂ ಬದಲಾಗುತ್ತದೆ.

ವಿರೋಧ ಬರುತ್ತದೆ. ಸದಸ್ಯರು ಕೇಳುತ್ತಾರೆ, ಹಿರಿಯರು ಬೇಸರ ಮಾಡಿಕೊಳ್ಳುತ್ತಾರೆ. ಒಬ್ಬರೇ ಜಗಳಕ್ಕೆ ನಿಲ್ಲಬೇಡಿ. ಆ ತಾರೀಕಿನ ಹಾಳೆಯನ್ನು ಸಭೆಯ ಗೋಡೆಗೆ ಅಂಟಿಸಿ, ಸುಮ್ನೆ ಓದಿ ಹೇಳಿ, ಠರಾವು ಮಾಡಿಸಿ. ಮಾತು ಠರಾವಿನಲ್ಲಿ ಬಂದ ಮೇಲೆ ಅದು ನಿಮ್ಮ ಹಟ ಅನ್ನಿಸುವುದಿಲ್ಲ, ಪಂಚಾಯಿತಿಯ ತೀರ್ಮಾನ ಆಗುತ್ತದೆ. ನೀರು ಬಂದ್ ಮಾಡುವುದು, ಬಹಿಷ್ಕಾರ ಹಾಕುವುದು ಎಂಬಲ್ಲಿಗೆ ಹೋದರೆ ಅದು ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಆ ಕಾಯ್ದೆಯ 4ನೇ ಕಲಂ ಪ್ರಕಾರ ಕರ್ತವ್ಯ ಬೇಕಂತಲೇ ಬಿಟ್ಟ ಅಧಿಕಾರಿಯ ಮೇಲೂ ಕೇಸು ಆಗಬಹುದು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ನಿಮ್ಮ ಹಾಳೆಯ ಒಂದು ಪ್ರತಿ ಅಲ್ಲಿಗೂ ಹೋಗಲಿ.

ಆ ನಳದ ಊರಿನಲ್ಲಿ ಏನಾಯಿತು ಅಂತ ನೀವು ಕೇ‌ಳಬಹುದು. ವಾರ್ಡ್ ಸಭೆಯನ್ನು ಓಣಿಯಲ್ಲಿ ಕರೆದರು. ಆ ತಾಯಿ ಎದ್ದು ನಿಂತು, ‘ವಾರಕ್ಕ ಎರಡು ದಿನ ನೀವು ನಾಲ್ಕಕ್ಕ ಏಳ್ರಿ, ನಾವು ಆರಕ್ಕ ಏಳ್ತೀವಿ’ ಅಂದರು. ಹೆಚ್ಚು ಮಾತಾಡಲಿಲ್ಲ. ದೊಡ್ಡ ಗದ್ದಲ ಆಯಿತು. ಎರಡು ಸಭೆ ಮುಂದೂಡಿದ ಮೇಲೆ ಒಪ್ಪಿದರು. ಪೈಪು ಬದಲಾಗಿಲ್ಲ. ಹೊಸ ಟ್ಯಾಂಕಿಗೆ ಮರಡಿಯ ಮೇಲೆ ಜಾಗ ಗುರುತು ಮಾಡಿ ಕಲ್ಲು ನೆಟ್ಟಿದ್ದಾರೆ, ಕೆಲಸ ಶುರುವಾಗಿಲ್ಲ. ಸೋಮವಾರ, ಗುರುವಾರ ಮಾತ್ರ ಓಣಿಗೆ ಬೆಳಗ್ಗೆ ಆರಕ್ಕೆ ನೀರು. ಉಳಿದ ಐದು ದಿನ ಆ ತಾಯಿ ಈಗಲೂ ನಾಲ್ಕಕ್ಕೇ ಏಳುತ್ತಾರೆ.